ಎಣಿಕೆಯ ದಿನದ ಲೈವ್

2023ರ ಮೇ 13, ಶನಿವಾರ. ಕರ್ನಾಟಕ ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ. ಬೆಳಿಗ್ಗೆ ಎಂಟಕ್ಕೆ ಇನ್ನೂ ಐದು ನಿಮಿಷ. ಕನ್ನಡ ಸುದ್ದಿವಾಹಿನಿಯೊಂದರ ನಿಯಂತ್ರಣ ಕೊಠಡಿ. ಎ.ಸಿ.ಯ ಚಳಿ, ಮಬ್ಬುಗತ್ತಲು, ಗೋಡೆಯ ತುಂಬ ಪುಟ್ಟ ಪುಟ್ಟ ಪರದೆಗಳು. ಒಂದರಲ್ಲಿ ಮೈಸೂರು, ಇನ್ನೊಂದರಲ್ಲಿ ಹುಬ್ಬಳ್ಳಿ, ಮತ್ತೊಂದರಲ್ಲಿ ಕಲಬುರಗಿ. ಪ್ರತಿ ಪರದೆಯಲ್ಲೂ ಕಿವಿಗೆ ಇಯರ್‌ಪೀಸ್ ಸಿಕ್ಕಿಸಿಕೊಂಡು, ಮೈಕು ಹಿಡಿದು, ಸರದಿಗಾಗಿ ಕಾಯುತ್ತಿರುವ ಒಬ್ಬ ವರದಿಗಾರ. ಅವನ ಜೊತೆಗಿರುವ ಕ್ಯಾಮೆರಾಮನ್ ಬೆನ್ನಿಗೆ ಒಂದು ಚೀಲ. ಅದರೊಳಗೆ ಬೇರೆ ಬೇರೆ ಕಂಪನಿಗಳ ನಾಲ್ಕಾರು ಸಿಮ್‌ಗಳು ಒಟ್ಟಾಗಿ ಚಿತ್ರವನ್ನು ಬೆಂಗಳೂರಿಗೆ ಹೊತ್ತು ತರುತ್ತವೆ. ಮೊದಲಾದರೆ ಈ ಕೆಲಸಕ್ಕೆ ತಲೆಯ ಮೇಲೆ ಡಿಶ್ ಹೊತ್ತ ಓಬಿ ವ್ಯಾನೇ ಬೇಕಿತ್ತು. ಈಗ ಜನಜಂಗುಳಿಯ ನಡುವೆ ನಡೆದುಕೊಂಡೇ ಲೈವ್ ಕೊಡಬಹುದು.

"ಮೈಸೂರು, ರೆಡಿ ಇರಿ. ಆಂಕರ್ ನಿಮ್ಮ ಹತ್ತಿರಾನೇ ಬರ್ತಾರೆ."

ಎಂಟು ಹೊಡೆಯಿತು. ಮೊದಲು ಅಂಚೆ ಮತಗಳು.

ಇಲ್ಲಿಂದ ಹೊರಟ ಚಿತ್ರಕ್ಕೆ ಎರಡು ದಾರಿ. ಒಂದು, ಉಪಗ್ರಹಕ್ಕೆ ಏರಿ ಕೇಬಲ್ಲು, ಡಿಶ್ಶುಗಳ ಮೂಲಕ ಮನೆಯ ಟಿ.ವಿ.ಗೆ. ಇನ್ನೊಂದು, ಅಂತರ್ಜಾಲಕ್ಕೆ. ಅಲ್ಲಿ ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ದಪ್ಪ, ತೆಳು ಎಂದು ಹಲವು ಗುಣಮಟ್ಟಗಳಲ್ಲಿ ಸಿದ್ಧಮಾಡಿ ಇಡುತ್ತಾರೆ. ನೆಟ್‌ವರ್ಕ್ ಚೆನ್ನಾಗಿದ್ದ ಕಡೆ ಫೋನು ದಪ್ಪ ತುಣುಕನ್ನು ಎಳೆದುಕೊಳ್ಳುತ್ತದೆ. ಬಸ್ಸು ಘಟ್ಟದ ತಿರುವು ಏರುವಾಗ ಮಸುಕಾದರೂ ಸರಿಯೆಂದು ತೆಳುವಿಗೆ ಇಳಿಯುತ್ತದೆ. ಹೀಗೆ ಕತ್ತರಿಸಿ ಜೋಡಿಸುವುದರಲ್ಲಿ ಸ್ವಲ್ಪ ಹೊತ್ತು ಕಳೆದೇ ಹೋಗುತ್ತದೆ. ಅದಕ್ಕೇ ಪಕ್ಕದ ಮನೆಯ ಟಿ.ವಿ.ಯಿಂದ "ಹೋ!" ಎಂಬ ಕೂಗು ಮೊದಲು ಕೇಳುತ್ತದೆ, ನಮ್ಮ ಮೊಬೈಲಿನಲ್ಲಿ ಗೆದ್ದವರ ಮುಖ ಆಮೇಲೆ ಕಾಣುತ್ತದೆ.

ಆದರೂ ಈ ಎರಡನೆಯ ದಾರಿ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ದುಬೈಯಲ್ಲಿ ಆಗ ಬೆಳಗಿನ ಆರೂವರೆ, ಡ್ಯೂಟಿಗೆ ಹೊರಡುವ ಹೊತ್ತು. ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿಯ ಹತ್ತೂವರೆ. ಮಕ್ಕಳನ್ನು ಮಲಗಿಸಿ, ದನಿ ತಗ್ಗಿಸಿಕೊಂಡು ತಮ್ಮೂರಿನ ಹೆಸರು ಯಾವಾಗ ಬಂದೀತೆಂದು ಕಾಯಬಹುದಾದ ಹೊತ್ತು. ಮತಪತ್ರಗಳ ಕಾಲದಲ್ಲಿ ಎಣಿಕೆಯೇ ದಿನಗಟ್ಟಲೆ ನಡೆಯುತ್ತಿತ್ತು, ದೂರದರ್ಶನ ನಡುನಡುವೆ ಸಿನಿಮಾ ಹಾಕುತ್ತಿತ್ತು. 2004ರಲ್ಲಿ ಎಲ್ಲ ಕ್ಷೇತ್ರಗಳಿಗೂ ಮತಯಂತ್ರ ಬಂತು. ಈಗ ಊಟದ ಹೊತ್ತಿಗೆ ಸರ್ಕಾರ ಯಾರದೆಂದು ಗೊತ್ತಾಗಿಬಿಡುತ್ತದೆ.

ಆ ಬೆಳಿಗ್ಗೆ ಪರದೆಯ ಮೇಲೆ ಅಂಕಿಗಳು ಕುಣಿಯುತ್ತಿದ್ದವು. ಎಣಿಕೆ ಕೊಠಡಿಯೊಳಗೆ ಮಾತ್ರ ಬೇರೆಯದೇ ಲಯ. ಸಾಮಾನ್ಯವಾಗಿ ಹದಿನಾಲ್ಕು ಮೇಜು. ಒಂದು ಸುತ್ತಿನಲ್ಲಿ ಹದಿನಾಲ್ಕು ಮತಗಟ್ಟೆಗಳ ಯಂತ್ರ. ಏಜೆಂಟರು ತಂತಿಬಲೆಯ ಆಚೆ ಕುಳಿತು ಬರೆದುಕೊಳ್ಳುತ್ತಾರೆ, ಚುನಾವಣಾಧಿಕಾರಿ ತಾಳೆ ನೋಡಿ ಸಹಿ ಹಾಕುತ್ತಾರೆ, ಆಮೇಲೆ ಮುಂದಿನ ಸುತ್ತು. ಈ ನಿಧಾನದಲ್ಲೇ ಪ್ರಜಾಪ್ರಭುತ್ವದ ಮರ್ಯಾದೆ ಇದೆ ಎಂದು ನಾನು ನಂಬಿದ್ದೇನೆ. ಮೂರನೆಯ ಸುತ್ತಿನ ಮುನ್ನಡೆಯನ್ನು ಗೆಲುವಿನಂತೆ ಕೂಗಿ ಹೇಳುವ ಆತುರ ನನಗೆ ನೋವು ತರುತ್ತದೆ.

ಲೈವ್‌ಗೆ ಮಾತ್ರ ಸಾಧ್ಯವಾದ ನೋಟಗಳೂ ಅಂದು ಬಂದವು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಕ್ಷೇತ್ರವಾದ ಶಿಗ್ಗಾಂವಿಯಲ್ಲಿ ಬಿಜೆಪಿ ಕಚೇರಿಯ ಆವರಣಕ್ಕೆ ಹಾವೊಂದು ಬಂದು, ಅದನ್ನು ಹಿಡಿಯುವವರೆಗೆ ಕ್ಯಾಮೆರಾಗಳು ರಾಜಕೀಯವನ್ನೇ ಮರೆತವು. ಕಾಂಗ್ರೆಸ್ಸಿಗೆ ಬಹುಮತ ಖಚಿತವಾದಂತೆ ಆ ಪಕ್ಷದ ಆಗಿನ ರಾಜ್ಯಾಧ್ಯಕ್ಷ ಡಿ.ಕೆ. ಶಿವಕುಮಾರ್ ಬೆಂಗಳೂರಿನಲ್ಲಿ ಪತ್ರಕರ್ತರ ಮುಂದೆ ನಿಂತರು. ಜೈಲಿನಲ್ಲಿದ್ದಾಗ ಸೋನಿಯಾ ಗಾಂಧಿ ಬಂದು ಕಂಡಿದ್ದನ್ನು ನೆನೆಯುತ್ತ ಅವರಿಗೆ ಗಂಟಲು ಕಟ್ಟಿತು, ಕಣ್ಣು ತುಂಬಿತು. ಮೈಕುಗಳೆಲ್ಲ ಒತ್ತಿಕೊಂಡು ಮುಖದ ಹತ್ತಿರ ಬಂದವು. ಆ ಕೆಲವು ಕ್ಷಣ ಯಾವ ಆಂಕರ್ ಮಾತೂ ಬೇಕಿರಲಿಲ್ಲ.

ಸಂಜೆಯ ಹೊತ್ತಿಗೆ ಲೆಕ್ಕ ಹೆಚ್ಚುಕಡಿಮೆ ಮುಗಿದಿತ್ತು: 224ರಲ್ಲಿ ಕಾಂಗ್ರೆಸ್ 130ರ ಆಚೆ, ಬಿಜೆಪಿ 60ರ ಮೇಲೆ, ಜೆಡಿಎಸ್ 20ರ ಆಸುಪಾಸು. ಪ್ಯಾನೆಲ್‌ನಲ್ಲಿ ಕುಳಿತವರು ಮುಖ್ಯಮಂತ್ರಿ ಯಾರೆಂಬ ಮಾತಿಗೆ ಹೊರಳಿದ್ದರು. ಆದರೆ ಬೆಂಗಳೂರಿನ ಜಯನಗರ ಕ್ಷೇತ್ರದ ಎಣಿಕೆ ಮುಗಿದಿರಲಿಲ್ಲ.

ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷಗಳ ಜನ, ಪೊಲೀಸರು, ಬ್ಯಾರಿಕೇಡು, ಕ್ಯಾಮೆರಾಗಳ ಬಿಳಿ ಬೆಳಕು. ಒಳಗೆ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ, ಬಿಜೆಪಿಯ ಸಿ.ಕೆ. ರಾಮಮೂರ್ತಿ ನಡುವೆ ಕೂದಲೆಳೆಯ ಅಂತರ, ಮತ್ತೆ ಎಣಿಕೆ. ಶಿವಕುಮಾರ್ ಅಲ್ಲಿಗೂ ಬಂದರು. ಕಾಂಗ್ರೆಸ್ ಪ್ರತಿಭಟನೆಗೆ ಇಳಿಯಿತು. ಇಂಥ ರಾತ್ರಿಯಲ್ಲಿ ಗೇಟಿನ ಹೊರಗೆ ನಿಂತು "ಇನ್ನೂ ಅಧಿಕೃತ ಘೋಷಣೆಯಾಗಿಲ್ಲ, ಕಾಯಬೇಕು" ಎಂದು ಮತ್ತೆ ಮತ್ತೆ ಹೇಳುವ ವರದಿಗಾರನೇ ನನ್ನ ಮಟ್ಟಿಗೆ ಒಳ್ಳೆಯ ವರದಿಗಾರ. ಬ್ರೇಕಿಂಗ್ ಪಟ್ಟಿಗೆ ಹೊಸದೇನನ್ನೂ ಕೊಡಲು ಅವನ ಬಳಿ ಇರುವುದಿಲ್ಲ, ಆದರೂ ಕ್ಯಾಮೆರಾ ಅವನನ್ನು ಬಿಟ್ಟು ಕದಲಬಾರದು.

ರಾತ್ರಿ ಬಹಳ ಹೊತ್ತಾದ ಮೇಲೆ ಘೋಷಣೆ ಬಂತು. ರಾಮಮೂರ್ತಿ ಗೆದ್ದಿದ್ದರು, 16 ಮತಗಳಿಂದ.