ಕೆರೆಯ ತಳದಲ್ಲಿ ಎದ್ದು ನಿಂತ ಊರು

ನೇಪಾಳದ ಪಾಟನ್‌ನ ದರ್ಬಾರ್ ಚೌಕದ ಬದಿಯಲ್ಲಿ ಮೆಟ್ಟಿಲಿಳಿದೆ. ಬೀದಿಯ ಮಟ್ಟಕ್ಕಿಂತ ಆಳುದ್ದ ಕೆಳಗೆ, ಕಲ್ಲಿನ ಮೂರು ಮಕರಗಳು ಬಾಯ್ತೆರೆದು ನೀರು ಸುರಿಸುತ್ತಿವೆ! ಮೇಲಕ್ಕೆ ಸುರುಳಿ ಸುತ್ತಿದ ಸೊಂಡಿಲು, ತೆರೆದ ದವಡೆ, ಅದರೊಳಗಿಂದ ಜಾರಿ ಬೀಳುವ ಧಾರೆ. ಬೆಳಗಿನ ಆರು ಗಂಟೆಯ ಚಳಿಯಲ್ಲಿ ಹೆಂಗಸೊಬ್ಬರು ತಾಮ್ರದ ಕೊಡ ಒಡ್ಡಿ ನಿಂತಿದ್ದರು. ಅವರ ಹಿಂದೆ ಪ್ಲಾಸ್ಟಿಕ್ ಕ್ಯಾನು ಹಿಡಿದ ಹುಡುಗ. "ದೀದಿ, ಇದು ಎಷ್ಟು ಹಳೆಯದು?" ಎಂದು ಹಿಂದಿಯಲ್ಲಿ ಕೇಳಿದೆ. "ನಮ್ಮಜ್ಜಿಯ ಅಜ್ಜಿಯೂ ಇಲ್ಲೇ ತುಂಬಿಕೊಳ್ಳುತ್ತಿದ್ದಳಂತೆ" ಎಂದು ನಕ್ಕು, ಕೊಡ ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟರು.

ಅಜ್ಜಿಯ ಅಜ್ಜಿ ಎಲ್ಲಿಯ ಮಾತು! ಮಂಗಾ ಹಿತಿ ಎಂಬ ಈ ನೀರಿನ ತಾಣ ಕ್ರಿ.ಶ. 570ರದ್ದು. ಇಲ್ಲಿನ ನೇವಾರ ಜನರ ಮಾತಿನಲ್ಲಿ ಹಿತಿ ಅಂದರೆ ಇಂಥ ಕಲ್ಲಿನ ನಲ್ಲಿ. ಇದಕ್ಕೆ ಮೋಟಾರಿಲ್ಲ, ಪಂಪಿಲ್ಲ. ಬೆಟ್ಟದ ನೀರು ರಾಜಕುಲೋ ಎಂಬ ಕಾಲುವೆಯಲ್ಲಿ ಹರಿದು ಊರ ಹೊಂಡಗಳಿಗೆ ಬರುತ್ತಿತ್ತು. ಅಲ್ಲಿಂದ ನೆಲಕ್ಕಿಳಿದು, ಮರಳು ಜಲ್ಲಿಯಲ್ಲಿ ಸೋಸಿಕೊಂಡು, ಬರೀ ಇಳಿಜಾರಿನ ಬಲದಿಂದ ಹಿತಿಗಳ ಬಾಯಿಗೆ ಬರುವಂತೆ ಆ ಕಾಲದವರು ಹೂಡಿದ ವ್ಯವಸ್ಥೆ ಇದು. ಆಳದ ಬುನಾದಿ, ಕೊಳವೆಬಾವಿಗಳ ಹಾವಳಿಗೆ ಸಿಕ್ಕಿ ಎಷ್ಟೋ ಹಿತಿಗಳು ಬತ್ತಿಹೋಗಿವೆ. ಇದು ಹರಿಯುತ್ತಿದೆ! ಬೊಗಸೆಯೊಡ್ಡಿ ಮುಖ ತೊಳೆದೆ, ಮೈಯೆಲ್ಲ ಜುಮ್ಮೆಂದಿತು.

ಆ ನೀರಿನ ಜಾಡು ಹಿಡಿದು ಹೊರಟಾಗ ಸಿಕ್ಕ ಸಂಗತಿಗೆ ನಾನು ಇನ್ನೂ ಬೆರಗಾಗಿಯೇ ಇದ್ದೇನೆ. ಇಡೀ ಕಠ್ಮಂಡು ಕಣಿವೆಯೇ ಒಂದು ಕಾಲಕ್ಕೆ ಸರೋವರ! ಬೋಧಿಸತ್ತ್ವ ಮಂಜುಶ್ರೀ ಖಡ್ಗ ಬೀಸಿ ಚೋಭಾರ್ ಬೆಟ್ಟ ಸೀಳಿದ, ನೀರೆಲ್ಲ ಹರಿದುಹೋಯಿತು, ಸರೋವರದ ಕಮಲ ಅರಳಿದ್ದ ಜಾಗವೇ ಸ್ವಯಂಭು ಸ್ತೂಪವಾಯಿತು ಎನ್ನುತ್ತದೆ ಪುರಾಣ. ಭೂವಿಜ್ಞಾನಿಗಳು ಕೊರೆದು ನೋಡಿದರೆ ಅಡಿಯಲ್ಲಿ ಸಿಕ್ಕಿದ್ದೂ ಸರೋವರದ ಕಪ್ಪು ಜೇಡಿಯೇ. ಜನ ಅದನ್ನು ಕಾಳಿಮಾಟಿ ಎನ್ನುತ್ತಾರೆ, ಆ ಹೆಸರಿನ ಬಡಾವಣೆಯೇ ಅಲ್ಲಿದೆ. ಚೋಭಾರ್‌ನ ಆ ಸೀಳಿನಲ್ಲಿ ಬಾಗ್ಮತಿ ಇವತ್ತಿಗೂ ಕಣಿವೆಯಿಂದ ಹೊರಬೀಳುತ್ತಾಳೆ. ಅಂದರೆ ನಾನು ಮೂರು ದಿನದಿಂದ ಓಡಾಡುತ್ತಿದ್ದದ್ದು ಒಂದು ಕೆರೆಯ ತಳದಲ್ಲಿ!

1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕಣಿವೆಯ ಏಳು ತಾಣಗಳು, ಅಂದರೆ ಮೂರು ಅರಮನೆ ಚೌಕಗಳು, ಎರಡು ಸ್ತೂಪಗಳು, ಎರಡು ದೇವಸ್ಥಾನಗಳು, ಇವೆಲ್ಲವನ್ನೂ ಆಮೇಲೆ ನಾನು ಈ ಮಣ್ಣಿನ ಕಣ್ಣಿನಿಂದಲೇ ನೋಡತೊಡಗಿದೆ. ಭಕ್ತಪುರಕ್ಕೆ ಬನ್ನಿ. ಕಣಿವೆಯ ಮಣ್ಣನ್ನೇ ಸುಟ್ಟ ಇಟ್ಟಿಗೆಯ ಅಲ್ಲಿನ ಕೆಂಪು ಗೋಡೆಗಳಲ್ಲಿ ಗಾರೆಯ ಗೆರೆಯೇ ಕಾಣದು. ಬೆರಳಾಡಿಸಿ ಹುಡುಕಿದೆ, ಇಲ್ಲವೇ ಇಲ್ಲ! ಇಟ್ಟಿಗೆಯ ಮುಂಬದಿ ದಪ್ಪ, ಹಿಂಬದಿ ತೆಳು. ಜೋಡಿಸಿದಾಗ ಮುಖಗಳು ಒಂದಕ್ಕೊಂದು ಅಂಟಿಕೊಂಡು, ಗಾರೆಯಾಗಿ ಹಾಕಿದ ಮಣ್ಣು ಒಳಗೇ ಅಡಗಿ ಕೂರುತ್ತದೆ. ಆ ಗೋಡೆಗಳ ನಡುವಿನಿಂದ ಐದಂತಸ್ತಿನ ನ್ಯಾತಪೋಲ ಗುಡಿ ಮೇಲೇಳುತ್ತದೆ. ದೊರೆ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ್ದು. ಮೆಟ್ಟಿಲ ಇಕ್ಕೆಲದಲ್ಲಿ ಕೆಳಗೆ ಜಟ್ಟಿಗಳು, ಅವರ ಮೇಲೆ ಆನೆ, ಆಮೇಲೆ ಸಿಂಹ, ಶಾರ್ದೂಲ, ತುದಿಯಲ್ಲಿ ದೇವತೆಗಳು. ಪ್ರತಿ ಜೋಡಿಗೂ ತನ್ನ ಕೆಳಗಿನದಕ್ಕಿಂತ ಹತ್ತುಪಟ್ಟು ಬಲ ಎಂಬುದು ಊರವರ ಲೆಕ್ಕ. ನಾನು ಹತ್ತಿದೆ. ಆನೆಯ ಹತ್ತಿರ ಉಸಿರು ಕಟ್ಟಿತು.

2015ರ ಏಪ್ರಿಲ್ 25. 7.8 ಪ್ರಮಾಣದ ಭೂಕಂಪ. ಸರೋವರದ ಆ ಮೆತ್ತನೆಯ ಜೇಡಿಯೇ ಅಲುಗಾಟವನ್ನು ಹೆಚ್ಚಿಸಿತು. ಇಟ್ಟಿಗೆ ಕೊಟ್ಟ ಮಣ್ಣೇ ಇಟ್ಟಿಗೆಯನ್ನು ಕೆಡವಿತು. ಸುಮಾರು ಒಂಬತ್ತು ಸಾವಿರ ಜನ ತೀರಿಕೊಂಡರು. ಭಕ್ತಪುರದ ವತ್ಸಲಾ ದುರ್ಗಾ ಗುಡಿ ಪುಡಿಯಾಯಿತು, ನ್ಯಾತಪೋಲ ಮಾತ್ರ ನಿಂತಿತು! 1934ರ ಮಹಾಕಂಪದಲ್ಲೂ ಅದು ಉರುಳಿರಲಿಲ್ಲ. ವತ್ಸಲಾ ಈಗ ಮತ್ತೆ ಎದ್ದಿದೆ.

ಹತ್ತಿರದ ಗಲ್ಲಿಯೊಂದರಲ್ಲಿ ಮರದ ಕೆತ್ತನೆಯವರೊಬ್ಬರ ಮುಂದೆ ಗಂಟೆಗಟ್ಟಲೆ ಕೂತೆ. ಕಾಲ ಬೆರಳುಗಳಲ್ಲಿ ಸಾಲ ಮರದ ತುಂಡನ್ನು ಒತ್ತಿ ಹಿಡಿದು, ಉಳಿಗೆ ಕೊಡತಿಯ ಸಣ್ಣ ಸಣ್ಣ ಏಟು. ಕಿಟಕಿಯ ಜಾಲರಿಯ ಒಂದೊಂದು ಕಡ್ಡಿಯಲ್ಲೂ ಕಚ್ಚು. ಕಚ್ಚಿಗೆ ಕಚ್ಚು ಕೂರಿಸಿ ಅಂಗೈಯಿಂದ ಒತ್ತಿದರು, ಟಕ್ ಎಂದಿತು. ಮೊಳೆಯಿಲ್ಲ, ಅಂಟಿಲ್ಲ. ಜಾಲರಿಯನ್ನು ನನ್ನ ಕೈಗಿತ್ತು "ಎಳೀರಿ" ಅಂದರು. ಎಳೆದೆ. ಜಪ್ಪಯ್ಯ ಅನ್ನಲಿಲ್ಲ.

ಕಠ್ಮಂಡುವಿಗೆ ಹೆಸರು ಕೊಟ್ಟ ಕಾಷ್ಠಮಂಡಪವೂ 2015ರ ಕಂಪದಲ್ಲಿ ಕುಸಿದಿತ್ತು. ಪುರಾತತ್ತ್ವಜ್ಞರು ಅದರ ಅಡಿಯನ್ನು ಅಗೆದರೆ, ಏಳನೇ ಶತಮಾನದ ಬುನಾದಿ ಗಟ್ಟಿಯಾಗಿ ಕೂತಿದೆ! ನಾಲ್ಕು ಹೆಗ್ಗಂಬಗಳಲ್ಲಿ ಒಂದನ್ನು ಹಿಂದೆಂದೋ ದುರಸ್ತಿಯ ಹೊತ್ತಿನಲ್ಲಿ ಅದರ ಪೀಠಗಲ್ಲಿಗೆ ಸರಿಯಾಗಿ ಕೂರಿಸಿರಲಿಲ್ಲ ಎಂಬುದೂ ಆಗಲೇ ಬಯಲಾಯಿತು. ಹಿಂದಿನವರ ಲೆಕ್ಕ ತಪ್ಪಿರಲಿಲ್ಲ. ಸ್ಥಳೀಯರೇ ಮುಂದೆ ನಿಂತು ಅದನ್ನು ಮತ್ತೆ ಕಟ್ಟಿದ್ದಾರೆ.

ಚಾಂಗು ನಾರಾಯಣದ ಗುಡ್ಡದ ಮೇಲೆ ಕ್ರಿ.ಶ. 464ರ ಕಂಬವೊಂದಿದೆ, ಮಾನದೇವ ರಾಜನ ಸಂಸ್ಕೃತ ಶಾಸನ. ರಾಜರ ಶಾಸನವೆಂದರೆ ಗೆದ್ದ ಯುದ್ಧಗಳ ಪಟ್ಟಿ ಎಂದುಕೊಂಡು ಹೋದವರಿಗೆ ಅಲ್ಲೊಬ್ಬ ತಾಯಿ ಎದುರಾಗುತ್ತಾಳೆ. ಗಂಡ ತೀರಿಕೊಂಡ ರಾಣಿ ರಾಜ್ಯವತಿ ಸಹಗಮನಕ್ಕೆ ಹೊರಟಿದ್ದಾಳೆ. ನೀನು ಹೋದರೆ ನಿನಗಿಂತ ಮೊದಲು ನಾನೇ ಪ್ರಾಣ ಬಿಡುತ್ತೇನೆ ಎಂದು ಮಗ ಅಡ್ಡ ನಿಲ್ಲುತ್ತಾನೆ. ಅವಳು ಉಳಿಯುತ್ತಾಳೆ! ಸಾವಿರದ ಐನೂರು ವರ್ಷದ ಹಿಂದಿನ ಆ ಮನೆಯೊಳಗಿನ ಅಳು ಕಲ್ಲಿನಲ್ಲಿ ಕೂತಿದೆ.

ಇನ್ನು ಪಶುಪತಿನಾಥ. ಅಲ್ಲಿ ಗರ್ಭಗುಡಿಯ ಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ನಮ್ಮ ಕರ್ನಾಟಕದಿಂದ ಹೋದವರು ಎಂದು ಕೇಳಿ ಬಲ್ಲೆ. ಆದರೂ ಆ ಜನಜಂಗುಳಿಯಲ್ಲಿ, ಬಾಗ್ಮತಿಯ ಘಟ್ಟದ ಹೊಗೆಯ ನಡುವೆ ನಿಂತು ನೆನೆದಾಗ ಕಣ್ಣು ತುಂಬಿತು. ಈ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಮಲ್ಲ ದೊರೆಗಳ ಕುಲದೇವತೆ ತಲೇಜು ಭಕ್ತಪುರಕ್ಕೆ ಬಂದದ್ದು ತರಾಯಿಯ ಸಿಮ್ರೌನ್‌ಗಢದ ಅರಸುಮನೆಯಿಂದ ಎಂಬ ಪ್ರತೀತಿಯಿದೆ. 1097ರಲ್ಲಿ ನಾನ್ಯದೇವ ಸ್ಥಾಪಿಸಿದ ಆ ವಂಶದ ಹೆಸರೇ ಕರ್ಣಾಟ!

ಲುಂಬಿನಿಯಲ್ಲಿ ಇದ್ದದ್ದು ಅರ್ಧ ದಿನ. ಬುದ್ಧ ಹುಟ್ಟಿದ ಊರೆಂದು ಅಶೋಕ ಆ ಹಳ್ಳಿಯ ತೆರಿಗೆಯನ್ನು ಎಂಟನೇ ಒಂದು ಪಾಲಿಗೆ ಇಳಿಸಿದ. ಅದನ್ನು ಹೇಳುವ ಬ್ರಾಹ್ಮಿ ಅಕ್ಷರಗಳು ಅವನ ಕಂಬದ ಮೇಲೆ ನಿನ್ನೆ ಕೊರೆದಷ್ಟು ಚೊಕ್ಕ.

ಅಲ್ಲಿಂದ ಚಿತ್ವನ್. 1973ರಲ್ಲಿ ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನ, 1984ರಿಂದ ವಿಶ್ವ ಪರಂಪರೆ. ಸೌರಾಹಾದಲ್ಲಿ ನಸುಕಿಗೇ ಬೂರುಗದ ಬೊಡ್ಡೆ ಕೊರೆದು ಮಾಡಿದ ದೋಣಿ ಹತ್ತಿದೆವು. ರಾಪ್ತಿಯ ಮೇಲೆ ಹಾಲಿನಂಥ ಮಂಜು. ಥಾರೂ ಜನಾಂಗದ ಅಂಬಿಗ ಹುಟ್ಟು ಎತ್ತಿ ಹಿಡಿದ, ಪಿಸುಗುಟ್ಟಿದ: "ಗೈಂಡಾ."

ಮೊದಲು ಕಂಡದ್ದು ಕಿವಿ. ಆಮೇಲೆ ತಗಡು ಹೊದಿಸಿದಂತೆ ಮಡಿಕೆ ಮಡಿಕೆಯಾದ ಹೆಗಲು. ಆಮೇಲೆ ಒಂಟಿ ಕೊಂಬು! ಹದಿನೈದು ಮಾರು ದೂರದಲ್ಲಿ, ಮೂಗಿನ ಹೊಳ್ಳೆಯಿಂದ ಬಿಸಿ ಆವಿ ಬಿಡುತ್ತ ನಿಂತಿತ್ತು. 1960ರ ದಶಕದಲ್ಲಿ ಈ ಘೇಂಡಾಮೃಗಗಳು ನೂರರ ಆಸುಪಾಸಿಗೆ ಇಳಿದಿದ್ದವಂತೆ. 2021ರ ಎಣಿಕೆಯಲ್ಲಿ ಚಿತ್ವನ್ ಒಂದರಲ್ಲೇ 694! ಕಾಡಿಗೆ ಸೇನೆಯ ಕಾವಲಿದೆ. ಉದ್ಯಾನದ ಆದಾಯದಲ್ಲಿ ಪಾಲು ಅಂಚಿನ ಹಳ್ಳಿಗಳಿಗೆ ಸಲ್ಲುತ್ತದೆ. "ಇವು ಗದ್ದೆಗೂ ನುಗ್ಗುತ್ತವೆ, ಭತ್ತ ತಿಂದುಹೋಗುತ್ತವೆ" ಅಂದ ಅಂಬಿಗ, ಅದರ ಮೇಲಿಟ್ಟ ಕಣ್ಣು ಕೀಳದೆ. "ಆದರೂ ನಮ್ಮವು."

ಘೇಂಡಾಮೃಗ ನೀರಿಗಿಳಿದು ದಾಟಿ, ಆಚೆ ದಡದ ಆನೆಹುಲ್ಲಿನಲ್ಲಿ ಮರೆಯಾಯಿತು. ಅದು ನಿಂತಿದ್ದ ಜಾಗಕ್ಕೆ ದೋಣಿ ತಂದು ಅಂಬಿಗ ಬೆರಳು ಮಾಡಿ ತೋರಿಸಿದ. ಕಪ್ಪು ಕೆಸರಿನಲ್ಲಿ ಮೂರು ಬೆರಳಿನ ಹೆಜ್ಜೆ, ನಮ್ಮ ಊಟದ ತಟ್ಟೆಯಷ್ಟು ಅಗಲ. ಅದರ ಅಂಚಿನಿಂದ ನೀರು ಒಸರಿ, ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು.