ಬಲಗಡೆಯ ಹೃದಯಕ್ಕೆ ಎಷ್ಟು ಬಲ?

ಹೃದಯದ ಶಸ್ತ್ರಚಿಕಿತ್ಸೆ ನಡೆದ ಮನೆಯವರನ್ನು ಮಾತನಾಡಿಸಲು ಹೋದಾಗ ತಾವು ಇಂಥ ಮಾತೊಂದನ್ನು ಕೇಳಿರಬಹುದು: “ಕವಾಟವೇನೋ ಸರಿಹೋಯಿತಂತೆ, ಆದರೆ ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಿದೆಯಂತೆ, ಇನ್ನೂ ನಾಲ್ಕು ದಿನ ಒಳಗೇ ಇರಬೇಕಂತೆ.” ಕೆಟ್ಟದ್ದು ಕವಾಟ, ಸರಿಪಡಿಸಿದ್ದೂ ಕವಾಟ, ನಡುವೆ ಈ ಶ್ವಾಸಕೋಶ ಎಲ್ಲಿಂದ ಬಂತು? ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಹೃದಯ ಒಂದೇ ಎನ್ನುತ್ತೇವಾದರೂ ಅಲ್ಲಿರುವುದು ಅಂಟಿಕೊಂಡ ಎರಡು ಪಂಪುಗಳು. ಎಡಗಡೆಯದು ಮೈಗೆಲ್ಲ ರಕ್ತವನ್ನು ದೂಡುತ್ತದೆ. ಬಲಗಡೆಯದು ಮೈಯಿಂದ ಮರಳಿದ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಕಳುಹಿಸುತ್ತದೆ. ವಿಶ್ರಾಂತಿಯಲ್ಲಿ ಎರಡೂ ನಿಮಿಷಕ್ಕೆ ಸುಮಾರು 5 ಲೀಟರನ್ನೇ ಸಾಗಿಸುತ್ತವೆ. ಆದರೆ ಎಡಗಡೆಯದು 120 ಮಿಲಿಮೀಟರ್ ಪಾದರಸದಷ್ಟು ಒತ್ತಡದಲ್ಲಿ ದುಡಿದರೆ ಬಲಗಡೆಯದಕ್ಕೆ 25ರಷ್ಟು ಸಾಕು. ಅದಕ್ಕೆ ತಕ್ಕಂತೆ ಅದರ ಗೋಡೆಯೂ ತೆಳು, 3-4 ಮಿಲಿಮೀಟರ್ ಅಷ್ಟೆ. ಕನ್ನಡದಲ್ಲಿ ‘ಬಲ’ವೆಂದರೆ ಶಕ್ತಿಯೂ ಹೌದು, ಬಲಗೈಯ ಪಕ್ಕವೂ ಹೌದು, ಹೃದಯವು ಮಾತ್ರ ನಮ್ಮ ನಿಘಂಟನ್ನು ಓದಿದಂತಿಲ್ಲ.

ಮಕ್ಕಳಿಗೆ ಗಂಟಲುಬೇನೆಯಾದ ಕೆಲವು ವಾರಗಳಲ್ಲಿ ಬರುವ ರುಮ್ಯಾಟಿಕ್ ಜ್ವರವು ಕೀಲುಗಳನ್ನು ನೋಯಿಸಿ ಹೋಗುತ್ತದೆ, ಹೃದಯದ ಕವಾಟವನ್ನು ಕೆಡಿಸಿ ಉಳಿಯುತ್ತದೆ. ಎಡಭಾಗದ ಮೈಟ್ರಲ್ ಕವಾಟದ ಅಂಚುಗಳು ವರ್ಷಗಳ ಮೇಲೆ ದಪ್ಪಗಾಗಿ ಅಂಟಿಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಯಿ ಒಂದೂವರೆಗೂ ಕೆಳಗಿಳಿದರೆ ರೋಗ ತೀವ್ರವಾಯಿತೆಂದು ಅರ್ಥ. ತೂಬು ಕಟ್ಟಿದರೆ ಕಾಲುವೆಯ ನೀರು ಹಿಂದಕ್ಕೆ ನಿಲ್ಲುವುದಿಲ್ಲವೆ? ಹಾಗೆಯೇ ರಕ್ತವು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅಲ್ಲಿಯ ನಾಳಗಳು ಬಿಗಿದುಕೊಂಡು, ಕಾಲಕ್ರಮದಲ್ಲಿ ದಪ್ಪಗಾಗುತ್ತವೆ. ಅವುಗಳೊಳಗಿನ ಸರಾಸರಿ ಒತ್ತಡ 20ನ್ನು ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಇದಲ್ಲ, ಅದು ಸರಿಯಾಗಿದ್ದಾಗಲೂ ಇದು ಏರಿರಬಹುದು.

ಇದನ್ನು ಎಕೋ ಪರೀಕ್ಷೆಯಿಂದ ಅಂದಾಜು ಮಾಡುತ್ತಾರೆ. ನಿಖರವಾಗಿ ತಿಳಿಯಬೇಕಾದರೆ ಬಲಹೃದಯಕ್ಕೆ ಸಣ್ಣ ನಳಿಕೆಯನ್ನು ಹಾಯಿಸಬೇಕು. 1929ರಲ್ಲಿ ಜರ್ಮನಿಯ ಯುವವೈದ್ಯ ವೆರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದೊಳಕ್ಕೇ ನಳಿಕೆಯನ್ನು ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ಅದು ಹೃದಯವನ್ನು ಮುಟ್ಟಿದ ಚಿತ್ರ ತೆಗೆಸಿದ. ಆಗ ಬೈಗಳು ದೊರೆತವು. 1956ರಲ್ಲಿ, ಕುರ್ನಾಂಡ್ ಮತ್ತು ರಿಚರ್ಡ್ಸ್ ಅವರೊಡನೆ, ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಶಸ್ತ್ರಚಿಕಿತ್ಸೆಗೆ ಬರೋಣ. ವರ್ಷಗಟ್ಟಲೆ ಮಿತಿಮೀರಿ ದುಡಿದ ಬಲಹೃದಯವನ್ನು ಕೆಲವು ಗಂಟೆ ನಿಲ್ಲಿಸಿ, ಯಂತ್ರದಿಂದ ರಕ್ತ ಹರಿಸಿ, ಮತ್ತೆ ‘ಏಳು, ದುಡಿ’ ಎನ್ನುತ್ತಾರೆ. ಆ ಹೊತ್ತಿನಲ್ಲಿ ಆಮ್ಲಜನಕ ಸ್ವಲ್ಪ ಕಡಮೆಯಾದರೂ, ರಕ್ತದಲ್ಲಿ ಆಮ್ಲಾಂಶ ಏರಿದರೂ ಶ್ವಾಸಕೋಶದ ನಾಳಗಳು ಇನ್ನಷ್ಟು ಬಿಗಿಯುತ್ತವೆ. ಹೃದಯದೊಳಗೆ ಉಳಿದ ಗಾಳಿಯ ಗುಳ್ಳೆ ಮೇಲ್ಮುಖವಾಗಿರುವ ಬಲ ಕರೋನರಿ ನಾಳಕ್ಕೆ ನುಗ್ಗುವುದೂ ಉಂಟು. ಸೋತ ಬಲಹೃದಯ ಉಬ್ಬಿ, ನಡುಗೋಡೆಯನ್ನು ಎಡಕ್ಕೆ ತಳ್ಳುತ್ತದೆ. ಎಡಭಾಗಕ್ಕೆ ರಕ್ತ ತುಂಬದೆ ಬಿ.ಪಿ. ಕುಸಿಯುತ್ತದೆ, ಯಕೃತ್ತು ಮೂತ್ರಪಿಂಡಗಳು ತೊಂದರೆಗೊಳ್ಳುತ್ತವೆ. ‘ಒಳಗೇ ಇರಬೇಕು’ ಎಂಬುದರ ಅರ್ಥ ಇದು.

ಅದಕ್ಕೆ ಉಪಾಯಗಳಿವೆ: ನೀರನ್ನು ಹೊರಹಾಕುವ ಔಷಧ, ಹೃದಯದ ಮಿಡಿತಕ್ಕೆ ಬಲಕೊಡುವ ಮಿಲ್ರಿನೋನ್, ಉಸಿರಿನೊಡನೆ ಒಳಗೆ ಹೋಗಿ ಶ್ವಾಸಕೋಶದ ನಾಳಗಳನ್ನಷ್ಟೇ ಸಡಿಲಿಸುವ ನೈಟ್ರಿಕ್ ಆಕ್ಸೈಡ್. (ನಗೆಯ ಅನಿಲವೆಂದು ಶಾಲೆಯಲ್ಲಿ ಓದಿದ್ದು ನೈಟ್ರಸ್ ಆಕ್ಸೈಡ್, ಒಂದಕ್ಷರದಲ್ಲಿ ಅನಿಲವೇ ಬೇರೆ!) ಆದರೂ ಶ್ವಾಸಕೋಶದ ನಾಳಗಳು ಗಟ್ಟಿಯಾಗಿಬಿಟ್ಟಿದ್ದರೆ ಕವಾಟ ತೆರೆದೊಡನೆ ಒತ್ತಡವೆಲ್ಲ ಇಳಿಯದು. ಒಂದಷ್ಟು ಕೂಡಲೇ, ಉಳಿದದ್ದು ವಾರ ತಿಂಗಳುಗಳ ಮೇಲೆ. ಕೆಲವರಲ್ಲಿ ಒಂದು ಪಾಲು ಉಳಿದೇಬಿಡುತ್ತದೆ. ‘ಮಗಳ ಮದುವೆಯಾಗಲಿ, ಮನೆ ಕಟ್ಟಿ ಮುಗಿಯಲಿ’ ಎಂದು ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರು ಇದನ್ನು ಅವಶ್ಯವಾಗಿ ತಿಳಿಯಬೇಕು. ನಮ್ಮ ಹೆಂಗಸರಲ್ಲಂತೂ, ಮೆಟ್ಟಿಲು ಹತ್ತುವಾಗಿನ ಏದುಸಿರನ್ನು ನಿಶ್ಶಕ್ತಿಯೆಂದು ತಳ್ಳಿಹಾಕಿ, ಬಸುರಿನಲ್ಲಿ ರಕ್ತದ ಪ್ರಮಾಣ ಏರಿದಾಗಲೇ ರೋಗ ಬಯಲಾಗುವುದುಂಟು.

ರೋಗಿ ಮನೆಗೆ ಬಂದಮೇಲೆ ದಿನವೂ ಬೆಳಿಗ್ಗೆ, ಮೂತ್ರವಿಸರ್ಜನೆಯಾದ ಬಳಿಕ, ಉಪಾಹಾರಕ್ಕೆ ಮುನ್ನ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ, ಪಾದ ಊದಿದರೆ, ‘ಊಟ ಮೈಗೆ ಹತ್ತಿತು’ ಎಂದು ಸಂತೋಷಪಡಬೇಡಿ, ಅದು ನೀರು. ಆ ಚೀಟಿಯನ್ನು ಹಿಡಿದು ಅಂದೇ ವೈದ್ಯರನ್ನು ಕಾಣಿರಿ.