ಸಿಎಂಗೆ ರಜೆ ಅಂತ ಒಂದು ಇದೆಯಾ?

2019ರ ಜುಲೈ 6, ಶನಿವಾರ. ಬೆಂಗಳೂರಲ್ಲಿ ಕಾಂಗ್ರೆಸ್, ಜೆಡಿಎಸ್ ಶಾಸಕರು ಸಾಲಾಗಿ ಬಂದು ರಾಜೀನಾಮೆ ಪತ್ರ ಕೊಡ್ತಿದ್ದಾರೆ. ಆಗ ಸಿಎಂ ಕುಮಾರಸ್ವಾಮಿ ಎಲ್ಲಿದ್ರು? ಅಮೆರಿಕದಲ್ಲಿ. ಆದಿಚುಂಚನಗಿರಿ ಮಠದವರು ನ್ಯೂಜೆರ್ಸಿಯಲ್ಲಿ ಕಟ್ಟಿಸ್ತಿದ್ದ ದೇವಸ್ಥಾನದ ಶಂಕುಸ್ಥಾಪನೆಗೆ ಅಂತ ಹೋಗಿದ್ರು. ಮರುದಿನ ಸಂಜೆ ಓಡೋಡಿ ಬಂದ್ರು. ಆದ್ರೂ ಜುಲೈ 23ರಂದು ವಿಶ್ವಾಸಮತದಲ್ಲಿ 99 ವೋಟು ಈ ಕಡೆ, 105 ಆ ಕಡೆ. ಸರ್ಕಾರ ಬಿತ್ತು.

ಪ್ರವಾಸದಿಂದಲೇ ಬಿತ್ತು ಅಂತಲ್ಲ, ಬಿರುಕು ಮೊದಲೇ ಇತ್ತು. ಆದ್ರೆ ನಮ್ಮ ಕಡೆ ಸಿಎಂಗಳು ನಾಲ್ಕು ದಿನ ಊರು ಬಿಡೋಕೆ ಯಾಕೆ ಹೆದರ್ತಾರೆ ಅನ್ನೋದು ಇದರಿಂದ ಗೊತ್ತಾಗುತ್ತೆ.

ಕಾನೂನು ಏನು ಹೇಳುತ್ತೆ? ಸಂವಿಧಾನದ 164ನೇ ವಿಧಿ ಸಿಎಂ ನೇಮಕ ಹೇಗೆ ಅಂತ ಹೇಳುತ್ತೆ, ರಜೆ ಬಗ್ಗೆ ಒಂದಕ್ಷರ ಇಲ್ಲ. ಉಪಮುಖ್ಯಮಂತ್ರಿ ಅನ್ನೋ ಹುದ್ದೆಯೇ ಸಂವಿಧಾನದಲ್ಲಿಲ್ಲ. ಹಾಗಾಗಿ ಸಿಎಂ ಇಲ್ಲದಾಗ ಅವರ ಜಾಗದಲ್ಲಿ ಯಾರು ಅನ್ನೋದು ಆಯಾ ಕಾಲದ ರಾಜಕೀಯಕ್ಕೆ ಬಿಟ್ಟಿದ್ದು.

ಅಮೆರಿಕದಲ್ಲಿ ಇದು ಬೇರೆ ಥರ. ಅಲ್ಲಿ ಅಧ್ಯಕ್ಷರ ಜೊತೆ ಕಚೇರಿಯೂ ರಜೆಗೆ ಹೊರಡುತ್ತೆ. ವಾಷಿಂಗ್ಟನ್ ಹತ್ತಿರದ ಬೆಟ್ಟದಲ್ಲಿ ಕ್ಯಾಂಪ್ ಡೇವಿಡ್ ಇದೆ, ಐಸೆನ್‌ಹೋವರ್ ತಮ್ಮ ಮೊಮ್ಮಗನ ಹೆಸರಿಟ್ಟ ಜಾಗ. ಅಣ್ವಸ್ತ್ರ ಆದೇಶದ ಬ್ಯಾಗ್ ಹಿಡಿದ ಸೇನಾಧಿಕಾರಿ ಅಧ್ಯಕ್ಷರು ಎಲ್ಲಿ ಹೋದ್ರೂ ಹಿಂದೇನೇ. ಅಧಿಕಾರ ಬಿಟ್ಟುಕೊಡೋಕೂ ದಾರಿ ಬರೆದಿಟ್ಟಿದ್ದಾರೆ. 2021ರ ನವೆಂಬರ್‌ನಲ್ಲಿ ಬೈಡನ್‌ಗೆ ಅರಿವಳಿಕೆ ಕೊಟ್ಟಾಗ 85 ನಿಮಿಷ ಕಮಲಾ ಹ್ಯಾರಿಸ್ ಕೈಯಲ್ಲಿ ಅಧಿಕಾರ ಇತ್ತು.

ಹಾಗಂತ ಅಲ್ಲೂ ರಜೆ ಪುಕ್ಕಟೆ ಅಲ್ಲ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಜಾರ್ಜ್ ಬುಷ್ ಟೆಕ್ಸಾಸ್‌ನ ತಮ್ಮ ಜಮೀನಿನಲ್ಲಿ ರಜೆಯಲ್ಲಿದ್ರು. ಆಮೇಲೆ ವಿಮಾನದ ಕಿಟಕಿಯಿಂದ ಮುಳುಗಿದ ಊರು ನೋಡ್ತಿರೋ ಫೋಟೋ ಬಂತು. ಆ ಫೋಟೋ ಅವರನ್ನ ಕೊನೆವರೆಗೂ ಬಿಡಲಿಲ್ಲ.

ಇನ್ನು ನಮ್ಮಲ್ಲಿ ರೆಸಾರ್ಟ್ ಅಂದ ತಕ್ಷಣ ನೆನಪಾಗೋದು ರಜೆ ಅಲ್ಲ, ಕಾವಲಿನಲ್ಲಿರೋ ಶಾಸಕರು! ಚಿಕಿತ್ಸೆಗೆ ಹೋದ್ರೂ ರಾಜಕೀಯ ಹಿಂದೆ ಬರುತ್ತೆ. 2018ರ ಜೂನ್‌ನಲ್ಲಿ, ಸಿಎಂ ಕುರ್ಚಿ ಬಿಟ್ಟ ಮೇಲೆ, ಸಿದ್ದರಾಮಯ್ಯ ಪ್ರಕೃತಿ ಚಿಕಿತ್ಸೆಗೆ ಅಂತ ಧರ್ಮಸ್ಥಳದ ಶಾಂತಿವನಕ್ಕೆ ಹೋದ್ರು. ಸಮ್ಮಿಶ್ರ ಸರ್ಕಾರ ಎಷ್ಟು ದಿನ ಇರುತ್ತೆ ಅಂತ ಅಲ್ಲಿ ಆಡಿದ ಮಾತಿನ ವಿಡಿಯೊ ಹೊರಗೆ ಬಂತು. ಶಾಂತಿವನದಿಂದ ಬೆಂಗಳೂರಿನ ಶಾಂತಿ ಕೆಡ್ತು.

ಈಗ ನಮ್ಮೂರಿಗೆ ಬರೋಣ. ಯಡಿಯೂರಪ್ಪನವರ ಮನೆ ಇರೋದು ಇಲ್ಲೇ, ಶಿವಮೊಗ್ಗದ ವಿನೋಬನಗರದಲ್ಲಿ. ಊರಿಗೆ ಹೋಗೋದು ಅಂದ್ರೆ ನಮಗೆಲ್ಲ ರಜೆ. ಸಿಎಂ ಊರಿಗೆ ಬಂದ್ರೆ? ಗೇಟಿನ ಹತ್ತಿರ ಪೊಲೀಸರು, ಹಾರ ತಂದವರು, ಅರ್ಜಿ ತಂದವರು. ಒಬ್ಬರಿಗೆ ವರ್ಗಾವಣೆ, ಇನ್ನೊಬ್ಬರಿಗೆ ಬಗರ್‌ಹುಕುಂ ಜಮೀನಿನ ಸಾಗುವಳಿ ಚೀಟಿ. ಬೆಂಗಳೂರಿಗೆ ಬಸ್ ಚಾರ್ಜ್ ಕೊಡೋಕಾಗದ ಅರ್ಜಿದಾರರಿಗೆ ಸಿಎಂ ಸಿಗೋದು ಆ ಹೊತ್ತಲ್ಲೇ. ಅವರನ್ನ ವಾಪಸ್ ಕಳಿಸಿ ಅಂತ ನನಗಂತೂ ಹೇಳೋಕಾಗಲ್ಲ. 2020ರ ಆಗಸ್ಟ್‌ನಲ್ಲಿ ಕೋವಿಡ್ ಬಂದಾಗಲೂ ಯಡಿಯೂರಪ್ಪ ಆಸ್ಪತ್ರೆಯಿಂದಲೇ ಕಡತ ನೋಡಿದ್ರು. ಅದನ್ನ ನಾವು ಹೊಗಳಿದ್ವಿ. 77 ದಾಟಿದ, ಆಸ್ಪತ್ರೆಯಲ್ಲಿರೋ ಮನುಷ್ಯ ಫೈಲ್ ನೋಡಲೇಬೇಕಾ, ಹತ್ತು ದಿನ ಇನ್ನೊಬ್ಬರು ನೋಡೋ ವ್ಯವಸ್ಥೆ ಯಾಕಿಲ್ಲ ಅಂತ ಕೇಳಲಿಲ್ಲ.

2021ರ ಜುಲೈ 26ರಂದು, ಸರಿಯಾಗಿ ಎರಡು ವರ್ಷಕ್ಕೆ, ಅವರು ರಾಜೀನಾಮೆ ಕೊಟ್ರು. ಆಗಸ್ಟ್‌ನಲ್ಲಿ ಮನೆಯವರ ಜೊತೆ ಮಾಲ್ಡೀವ್ಸ್‌ಗೆ ಹೋದ್ರು. ಅದೂ ಟಿವಿಯಲ್ಲಿ ಸುದ್ದಿಯಾಯ್ತು, ಆದ್ರೆ ಆ ಸಲ ಬಿಟ್ಟು ಹೋಗೋಕೆ ಕುರ್ಚಿ ಇರಲಿಲ್ಲ.